ಮಂಡಿಯೂರುವ ಜಾಗವನ್ನೂ ಒಮ್ಮೆ ಮುಟ್ಟಿ ನೋಡಿ

ಕಳೆದ ಮಳೆಗಾಲದ ಮಾತು. ಪಾವಗಡದಲ್ಲಿ ಮದುವೆ ಮುಗಿಸಿಕೊಂಡು ಬಾಡಿಗೆ ಟೆಂಪೊ ಟ್ರಾವೆಲರ್‌ನಲ್ಲಿ ಕೊರಟಗೆರೆಗೆ ವಾಪಸಾಗುತ್ತಿದ್ದೆವು. ಮಧುಗಿರಿ ದಾಟಿ ಚನ್ನರಾಯನದುರ್ಗದ ಬೆಟ್ಟ ಕಾಣುವ ಹೊತ್ತಿಗೆ ಮಳೆ ಹಿಡಿದುಕೊಂಡಿತು. ಮುಂದೆ ಹಳ್ಳದ ನೀರು ರಸ್ತೆಯ ಮೇಲೆ ಹರಿಯುತ್ತಿದೆ ಎಂದು ಯಾರೋ ಹೇಳಿದರು. ಡ್ರೈವರ್ ರಸ್ತೆ ಬದಿಯ ಅಂಗಳವೊಂದರಲ್ಲಿ ಗಾಡಿ ನಿಲ್ಲಿಸಿದ. ಅಸ್ರ್ ಸಮಯ ಮುಗಿಯುತ್ತಾ ಬಂದಿತ್ತು. ಕೆಳಗೆ ಇಳಿದರೆ ಮೊಣಕಾಲುದ್ದ ಕೆಸರು. ಗಂಡಸರು ಹತ್ತಿರದ ಅಂಗಡಿಯೊಂದರ ಜಗಲಿ ಹತ್ತಿದರು. ಅಮ್ಮಿ ಮಾತ್ರ ಗಾಡಿಯನ್ನು ಕಿಬ್ಲಾ ಕಡೆಗೆ ತಿರುಗಿಸಿ ನಿಲ್ಲಿಸಲು ಹೇಳಿ, ಸೀಟುಗಳ ನಡುವಿನ ಓಣಿಯಲ್ಲೇ ಜಾನಮಾಝ್ ಹಾಸಿಕೊಂಡರು.

ಆ ನೆಲ ಎಂಥದ್ದೆಂದು ನಿಮಗೂ ಗೊತ್ತಿರುತ್ತದೆ. ಏರುತಗ್ಗಿನ ತಗಡು, ಅದರ ಮೇಲೆ ಸವೆದ ರಬ್ಬರ್ ಮ್ಯಾಟು, ಅಲ್ಲಲ್ಲಿ ಸೀಟಿನ ಬೋಲ್ಟುಗಳ ತಲೆ. ಅಂಥ ಒಂದು ಬೋಲ್ಟಿನ ಮೇಲೆಯೇ ಅಮ್ಮಿಯ ಎಡ ಮಂಡಿ ಬಿದ್ದಿತ್ತು. ಅವರಿಗೆ ಸಕ್ಕರೆ ಕಾಯಿಲೆ. ಚರ್ಮ ತರಚಿದ್ದು ಸರಿಯಾಗಿ ಗೊತ್ತಾಗಲಿಲ್ಲ, ಗೊತ್ತಾದಷ್ಟನ್ನು ಹೇಳಲಿಲ್ಲ. ನಾಲ್ಕನೇ ದಿನ ಮಂಡಿಚಿಪ್ಪಿನ ಮುಂದೆ ನಿಂಬೆಹಣ್ಣಿನಷ್ಟು ಊತ, ಮುಟ್ಟಿದರೆ ಬಿಸಿ, ಜ್ವರ ಬೇರೆ. ಸುಮಾರು ಒಂದು ತಿಂಗಳು ಔಷಧಿ, ಡ್ರೆಸ್ಸಿಂಗ್ ಎಂದು ಓಡಾಡಿದೆವು. "ಅಮ್ಮಿ, ಅವತ್ತೇ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. "ನಮಾಝ್‌ನಲ್ಲಿ ಆದ ನೋವನ್ನ ಯಾರಾದರೂ ಹೇಳಿಕೊಳ್ತಾರಾ ಬೇಟಾ?" ಎಂದರು.

ಆ ಮಾತಿನಿಂದಲೇ ಈ ಬರಹ ಹುಟ್ಟಿದೆ. ಅಮ್ಮಿಯ ತಾಳ್ಮೆಗೆ ನಾನು ತಲೆಬಾಗುತ್ತೇನೆ. ಆದರೆ ಅವರ ಮಾತನ್ನು ಒಪ್ಪಲಾರೆ. ಬೋಲ್ಟಿನ ಮೇಲೆ ಮಂಡಿ ಊರಿದ್ದರಲ್ಲಿ ಪುಣ್ಯದ ಲೆಕ್ಕ ಹುಡುಕುವ ಮೊದಲು, ಅಲ್ಲಿ ಒಂದು ದಪ್ಪ ಹಾಸು ಹಾಕದೆ ಹೋದ ನಮ್ಮ ಉದಾಸೀನದ ಲೆಕ್ಕ ಕೊಡಬೇಕು. ವುಝೂವಿನ ನೀರು ಶುದ್ಧವೇ ಎಂದು ನೋಡುತ್ತೇವೆ, ಬಟ್ಟೆ ಶುದ್ಧವೇ ಎಂದು ನೋಡುತ್ತೇವೆ, ಜಾಗ ಶುದ್ಧವೇ ಎಂದು ನೋಡುತ್ತೇವೆ. ಆ ಜಾಗ ಮಂಡಿಗೆ ತಕ್ಕದ್ದೇ ಎಂದು ಮಾತ್ರ ಯಾರೂ ನೋಡುವುದಿಲ್ಲ.

ದಿನಕ್ಕೆ ಎಷ್ಟು ಸಲ?

ಒಮ್ಮೆ ಎಣಿಸಿ ನೋಡಿ. ಐದು ಹೊತ್ತಿನ ಫರ್ಝ್ 17 ರಕಅತ್. ಅದಕ್ಕೆ 12 ಸುನ್ನತೆ ಮುಅಕ್ಕದಾ, 3 ವಿತ್ರ್ ಸೇರಿದರೆ 32. ಅಂದರೆ ದಿನಕ್ಕೆ 32 ಸಲ ನಿಂತಲ್ಲಿಂದ ಮಂಡಿಗೆ ಇಳಿಯುತ್ತೇವೆ, 64 ಸಲ ಸಜ್ದಾ ಮಾಡುತ್ತೇವೆ. ರಮಝಾನ್‌ನಲ್ಲಿ 20 ರಕಅತ್ ತರಾವೀಹ್ ಸೇರಿದರೆ ಇನ್ನೂ 40 ಸಜ್ದಾ. ಇದರ ಜೊತೆಗೆ ನಮ್ಮ ಕಡೆಯ ಹೆಂಗಸರು ನೆಲದ ಮೇಲೆ ಕುಳಿತು ಮಾಡುವ ಕೆಲಸ ಬೇರೆ: ಕಡಲೆಕಾಯಿ ಬಿಡಿಸುವುದು, ಹುಣಸೆಹಣ್ಣು ಕುಟ್ಟುವುದು, ಬೀಡಿ ಕಟ್ಟುವುದು, ನೆಲ ಒರೆಸುವುದು. ಆರೋಗ್ಯವಂತ ಮಂಡಿಗೆ ಇದೆಲ್ಲ ಒಳ್ಳೆಯ ವ್ಯಾಯಾಮವೇ. ಐವತ್ತು ದಾಟಿದ ಮಂಡಿಗೆ, ತೂಕ ಹೆಚ್ಚಾದ ದೇಹಕ್ಕೆ, ಸಕ್ಕರೆ ಕಾಯಿಲೆಯವರಿಗೆ ನೆಲ ಹೇಗಿದೆ ಎಂಬುದು ದೊಡ್ಡ ಮಾತಾಗುತ್ತದೆ.

ನೆಲದ ನೋವೋ, ಕೀಲಿನ ನೋವೋ?

ಹಾಸು ಕೊಳ್ಳುವ ಮೊದಲು ಇದನ್ನು ತಿಳಿದುಕೊಳ್ಳಬೇಕು. ಮಂಡಿ ನೋವೆಲ್ಲ ಒಂದೇ ಅಲ್ಲ.

ಮಂಡಿಚಿಪ್ಪಿನ ಮುಂದೆ, ಚರ್ಮಕ್ಕೂ ಮೂಳೆಗೂ ನಡುವೆ, ನೀರು ತುಂಬಿದ ತೆಳ್ಳನೆಯ ಚೀಲವೊಂದಿದೆ. ಚಿಪ್ಪಿನ ಕೆಳಗೂ ಅಂಥದ್ದೇ ಇದೆ. ಚರ್ಮ ಮೂಳೆಯ ಮೇಲೆ ಸಲೀಸಾಗಿ ಜಾರಲೆಂದು ಅಲ್ಲಾಹನು ಇಟ್ಟ ವ್ಯವಸ್ಥೆ ಇದು. ಗಟ್ಟಿ ನೆಲದ ಮೇಲೆ ಮತ್ತೆ ಮತ್ತೆ ಒತ್ತಿದರೆ ಈ ಚೀಲ ಉರಿಗೊಂಡು ಊದಿಕೊಳ್ಳುತ್ತದೆ. ಇಂಗ್ಲಿಷ್ ವೈದ್ಯರು ಹಿಂದೆ ಇದಕ್ಕೆ 'ಮನೆಗೆಲಸದವಳ ಮಂಡಿ', 'ಪಾದ್ರಿಯ ಮಂಡಿ' ಎಂದೇ ಹೆಸರಿಟ್ಟಿದ್ದರು. ಮಂಡಿಯೂರಿ ನೆಲ ಉಜ್ಜುವವರಿಗೂ ಮಂಡಿಯೂರಿ ಪ್ರಾರ್ಥಿಸುವವರಿಗೂ ಬರುತ್ತಿದ್ದ ತೊಂದರೆ ಅದು. ನೆಲಹಾಸಿನ ಟೈಲ್ಸ್ ಕೂರಿಸುವ ಮೇಸ್ತ್ರಿಗಳಿಗೂ ಬರುತ್ತದೆ.

ಇನ್ನೊಂದು ನೋವು ಕೀಲಿನ ಒಳಗಿನದು. ಮೂಳೆಗಳ ತುದಿಯ ಮೃದ್ವಸ್ಥಿ ಸವೆದಾಗ ಮಂಡಿಯನ್ನು ಪೂರ್ತಿ ಮಡಚುವುದು ಕಷ್ಟ, ಮಡಚಿದ್ದನ್ನು ಬಿಡಿಸಿ ಏಳುವುದು ಇನ್ನೂ ಕಷ್ಟ.

ಎರಡನ್ನೂ ಮನೆಯಲ್ಲೇ ಬೇರೆ ಮಾಡಿ ನೋಡಬಹುದು. ದಪ್ಪ ಹಾಸಿನ ಮೇಲೆ ಮಂಡಿ ಊರಿ, ತೊಡೆ ನೆಟ್ಟಗಿರಲಿ, ಹಿಂದಕ್ಕೆ ಕೂರಬೇಡಿ. ಬರಿ ನೆಲದ ಮೇಲೆ ಆಗುತ್ತಿದ್ದ ನೋವು ಈಗ ಕಡಿಮೆಯಾದರೆ ಅದು ಒತ್ತಡದ ನೋವು. ಹಾಸು ಬದಲಿಸಿದರೆ ಅರ್ಧ ಕೆಲಸ ಆದಂತೆ. ಹಾಸಿದ್ದರೂ, ಹಿಮ್ಮಡಿಯ ಮೇಲೆ ಕೂರುವಾಗ ಅಥವಾ ಎದ್ದು ನಿಲ್ಲುವಾಗ ನೋವು ಹಿಡಿದರೆ ಅದು ಕೀಲಿನದು. ಅದಕ್ಕೆ ಎಷ್ಟು ಮೆತ್ತನೆಯ ಕಾರ್ಪೆಟ್ ಹಾಕಿದರೂ ಪರಿಹಾರವಿಲ್ಲ. ಇಂಥವರು ಕೂರುವಾಗ ಹಿಮ್ಮಡಿಗೂ ಪೃಷ್ಠಕ್ಕೂ ನಡುವೆ ಸಣ್ಣದೊಂದು ಗಟ್ಟಿ ದಿಂಬು ಇಟ್ಟುಕೊಂಡರೆ ಮಂಡಿ ಪೂರ್ತಿ ಮಡಚಬೇಕಾಗುವುದಿಲ್ಲ, ಭಾರವೂ ಹಂಚಿಹೋಗುತ್ತದೆ. ಜೊತೆಗೆ ವೈದ್ಯರಿಗೆ ತೋರಿಸಿ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಕೇಳಿಕೊಳ್ಳಬೇಕು. ನೆಲದ ತಪ್ಪಿಗೆ ಕೀಲಿಗೆ ಔಷಧಿ ನುಂಗುವುದೂ ಕೀಲಿನ ಕಾಯಿಲೆಗೆ ಕಾರ್ಪೆಟ್ ಕೊಳ್ಳುವುದೂ ಎರಡೂ ದುಡ್ಡು ದಂಡ.

ಮೆತ್ತಗಿದ್ದರೆ ಸಾಲದು

ಮಂಡಿ ನೋಯುತ್ತದೆ ಎಂದ ಕೂಡಲೇ ನಾವು ಮಾಡುವುದು ಹಾಸಿಗೆಯ ಸ್ಪಂಜನ್ನು ಕತ್ತರಿಸಿ ಜಾನಮಾಝ್ ಕೆಳಗೆ ತಳ್ಳುವುದು. ಮೊದಲ ದಿನ ಹಾಯೆನಿಸುತ್ತದೆ. ಆದರೆ ದೇಹದ ಭಾರವೆಲ್ಲ ಮಂಡಿಯ ಅಂಗೈಯಗಲ ಜಾಗಕ್ಕೆ ಬಿದ್ದಾಗ ಆ ಸ್ಪಂಜು ಪೂರ್ತಿ ಚಪ್ಪಟೆಯಾಗಿ, ಮಂಡಿ ಕೊನೆಗೆ ತಾಗುವುದು ಅದೇ ನೆಲವನ್ನೇ. ಎರಡನೆಯದು, ಮೆತ್ತನೆಯ ಜಾಗದಲ್ಲಿ ಪಾದ ಹೂತುಕೊಳ್ಳುತ್ತದೆ. ನಿಂತಾಗ ಬ್ಯಾಲೆನ್ಸ್ ತಪ್ಪುತ್ತದೆ, ಏಳುವಾಗ ಹೆಚ್ಚು ಬಲ ಬೇಕಾಗುತ್ತದೆ. ವಯಸ್ಸಾದವರು ಬಿದ್ದು ತೊಡೆಸಂದಿಯ ಮೂಳೆ ಮುರಿದುಕೊಂಡರೆ, ಮಂಡಿ ಉಳಿಸಲು ಹೋಗಿ ಸೊಂಟ ಕಳೆದುಕೊಂಡಂತೆ.

ಇಲ್ಲಿ ಫಿಕ್ಹ್ ಮತ್ತು ಆರೋಗ್ಯ ಒಂದೇ ಮಾತು ಹೇಳುತ್ತವೆ. ಸಜ್ದಾದಲ್ಲಿ ಹಣೆ ನೆಲದ ಗಟ್ಟಿತನವನ್ನು ಕಾಣಬೇಕು, ಇನ್ನೂ ಒತ್ತಿದರೆ ಇನ್ನೂ ಕುಸಿಯುವಂತಿರಬಾರದು ಎಂದು ಹನಫಿ ಉಲಮಾಗಳು ಹೇಳುತ್ತಾರೆ. ಮಂಡಿಗೆ ಬೇಕಿರುವುದೂ ಅದೇ: ಮೇಲೆ ಬೆರಳಿನಷ್ಟು ಮೆತ್ತಗೆ, ಕೆಳಗೆ ಗಟ್ಟಿ.

ಅಂಗಡಿಯಲ್ಲಿ ಹಾಸನ್ನು ಆರಿಸುವಾಗ ಕೈಯನ್ನು ಮುಷ್ಟಿ ಮಾಡಿ ಬೆರಳ ಗೆಣ್ಣುಗಳನ್ನು ಅದರ ಮೇಲೆ ಇಟ್ಟು ಮೈಭಾರ ಹಾಕಿ. ಕೆಳಗಿನ ನೆಲ ಗೆಣ್ಣಿಗೆ ಚುಚ್ಚಿದರೆ ಅದು ತೀರ ತೆಳು ಅಥವಾ ತೀರ ಮೆತ್ತಗೆ, ಬೇಡ. ಕೈ ಎತ್ತಿದ ಮೇಲೂ ಗುಳಿ ಹಾಗೇ ಉಳಿದರೆ ಅದೂ ಬೇಡ. ಒತ್ತಿದಾಗ ಸ್ವಲ್ಪ ತಗ್ಗಿ, ತಡೆದು ನಿಂತು, ಬಿಟ್ಟ ಕೂಡಲೇ ಮೊದಲಿನಂತಾಗುವುದನ್ನು ತನ್ನಿ. ಮಕ್ಕಳು ಆಡಲೆಂದು ಒಂದಕ್ಕೊಂದು ಸಿಕ್ಕಿಸಿ ಹಾಸುವ ಇವಿಎ ಫೋಮ್ ಹಲಗೆಗಳು ಎಲ್ಲ ಊರಿನಲ್ಲೂ ಸಿಗುತ್ತವೆ. 10ರಿಂದ 15 ಮಿಲಿಮೀಟರ್ ದಪ್ಪದವು ಸಾಕು. ಅದರ ಒಳಗಿನ ಗಾಳಿಗುಳ್ಳೆಗಳು ಮುಚ್ಚಿಕೊಂಡಿರುವುದರಿಂದ ಸ್ಪಂಜಿನಂತೆ ನೀರು ಕುಡಿಯುವುದಿಲ್ಲ, ಬೇಗ ಚಪ್ಪಟೆಯಾಗುವುದಿಲ್ಲ.

ಅಂಗಡಿಗೇ ಹೋಗಬೇಕೆಂದೂ ಇಲ್ಲ. ಶಿರಾ, ಪಾವಗಡ ಕಡೆ ಕುರಿ ಸಾಕುವ ಹಳ್ಳಿಗಳಲ್ಲಿ ಕರಿ ಕಂಬಳಿ ಇದ್ದೇ ಇರುತ್ತದೆ. ಅದನ್ನು ನಾಲ್ಕು ಮಡಿಕೆ ಮಾಡಿ ಹಾಸಿದರೆ ಮಂಡಿಗೆ ಅದಕ್ಕಿಂತ ಒಳ್ಳೆಯ ಹಾಸಿಲ್ಲ. ಉಣ್ಣೆ ಒತ್ತಡವನ್ನು ತಡೆಯುತ್ತದೆ, ಚಳಿಗಾಲದಲ್ಲಿ ಕಲ್ಲುಚಪ್ಪಡಿಯ ತಂಪು ಏರದಂತೆ ಕಾಯುತ್ತದೆ. ನಮ್ಮ ದಾದಿಯವರು ಹಳೇ ಸೀರೆಗಳನ್ನು ಪದರ ಪದರ ಜೋಡಿಸಿ ಹೊಲಿಯುತ್ತಿದ್ದ ಬೊಂತೆಯೂ ಅಷ್ಟೇ ಒಳ್ಳೆಯದು. ಈಚಲು ಚಾಪೆ ಒಂದನ್ನೇ ಹಾಸಿದರೆ ಅದರ ಹೆಣಿಗೆ ಮಂಡಿಗೆ ಅಚ್ಚೊತ್ತುತ್ತದೆ. ಕೆಳಗೆ ಚಾಪೆ, ಮೇಲೆ ಬೊಂತೆ ಎಂದು ಹಾಸಿದರೆ ಎರಡೂ ಉಪಯೋಗಕ್ಕೆ ಬರುತ್ತವೆ.

ಹಾಸುವುದು ಸುಖದ ಮಾತೇ?

"ಹಿಂದಿನವರು ಕಲ್ಲಿನ ಮೇಲೆ ಸಜ್ದಾ ಮಾಡಲಿಲ್ಲವೇ? ನಿಮಗೇಕೆ ಫೋಮು?" ಎಂದು ಕೇಳುವವರಿದ್ದಾರೆ. ಶಿರಾದ ಜುಮ್ಮಾ ಮಸೀದಿಯನ್ನು 1696ರಲ್ಲಿ ಕಟ್ಟಿದ್ದು ಕೆತ್ತಿದ ಕಲ್ಲಿನಿಂದಲೇ. ನಮ್ಮ ಸೀಮೆ ಪೂರ್ತಿ ಬಂಡೆಯ ಸೀಮೆ. ಚನ್ನರಾಯನದುರ್ಗದಿಂದ ಮಧುಗಿರಿಯವರೆಗೆ, ಅಲ್ಲಿಂದ ಪಾವಗಡದವರೆಗೆ, ಕಲ್ಲೇ ಗೋಡೆ, ಕಲ್ಲೇ ನೆಲ. ಆದರೆ ಕಲ್ಲಿನ ನೆಲ ಇತ್ತೆಂದ ಮಾತ್ರಕ್ಕೆ ಹಾಸು ಇರಲಿಲ್ಲ ಎಂದಾಗುವುದಿಲ್ಲ.

ಹದೀಸ್ ನೋಡಿ. ಸುಡುವ ಬಿಸಿಲಿನಲ್ಲಿ ಪ್ರವಾದಿಯವರ(ಸ) ಹಿಂದೆ ನಮಾಝ್ ಮಾಡುವಾಗ, ಹಣೆಯನ್ನು ನೆಲಕ್ಕಿಡಲು ಆಗದವರು ತಮ್ಮ ಬಟ್ಟೆಯನ್ನೇ ಹಾಸಿಕೊಂಡು ಸಜ್ದಾ ಮಾಡುತ್ತಿದ್ದರೆಂದು ಅನಸ್(ರ) ಹೇಳಿದ್ದಾರೆ. ಅವರೇ ಹೇಳಿದ ಇನ್ನೊಂದು ಸಂಗತಿ: ಅಜ್ಜಿ ಮುಲೈಕಾ(ರ) ಊಟಕ್ಕೆ ಕರೆದಾಗ ಪ್ರವಾದಿಯವರು(ಸ) ಮನೆಗೆ ಬಂದರು, ಉಂಡರು, ನಂತರ ಆ ಮನೆಯಲ್ಲೇ ನಮಾಝ್ ಮಾಡಿಸಿದರು. ಬಹಳ ದಿನ ಬಳಸಿ ಕಪ್ಪಾಗಿದ್ದ ಚಾಪೆಯೊಂದನ್ನು ಅನಸ್(ರ) ತಂದು, ನೀರು ಚಿಮುಕಿಸಿ ಹಾಸಿದರು. ಅಜ್ಜಿ ಹಿಂದಿನ ಸಾಲಿನಲ್ಲಿ ನಿಂತರು. ಎರಡೂ ಬುಖಾರಿಯಲ್ಲಿವೆ. ಮೊದಲನೆಯದರಲ್ಲಿ, ನೆಲ ಬಾಧಿಸಿದಾಗ ನಡುವೆ ಒಂದು ಬಟ್ಟೆ ಹಾಸುವುದನ್ನು ಯಾರೂ ಸುಖಲೋಲುಪತೆ ಎಂದು ಕರೆಯಲಿಲ್ಲ. ಎರಡನೆಯದರಲ್ಲಿ, ಹಳೆಯ ಚಾಪೆಯಾದರೂ ನೀರು ಹಾಕಿ ಸಜ್ಜುಮಾಡಿ ಹಾಸಿದರು. ಮಂಡಿ ನೋವಿನ ಕಡೆಗೇ ಮನಸ್ಸು ಹೋಗುತ್ತಿದ್ದರೆ ನಮಾಝ್‌ನಲ್ಲಿ ಖುಶೂ ಎಲ್ಲಿಂದ ಬರಬೇಕು?

ಗಾಡಿಯ ನೆಲವನ್ನು ಸರಿಮಾಡುವುದು

ಈಗ ಅಮ್ಮಿಯ ಬೋಲ್ಟಿಗೆ ಬರೋಣ. ಝಿಯಾರತ್‌ಗೆ, ಇಜ್ತಿಮಾಗೆ, ಮದುವೆಗೆ ನಾವು ಗಾಡಿ ಮಾಡಿಕೊಂಡು ಹೋಗುವುದು ಮಾಮೂಲಿ. ಸಂತೆಯಿಂದ ಸಂತೆಗೆ ಬಟ್ಟೆ, ಪಾತ್ರೆ, ಬಳೆ ಮಾರುವ ನಮ್ಮ ಎಷ್ಟೋ ಮನೆಗಳ ಗಂಡಸರಿಗೆ ಓಮ್ನಿಯೋ ಗೂಡ್ಸ್ ಆಟೋವೋ ದಿನದ ಅರ್ಧ ಮನೆಯೇ. ಈಚೆಗೆ ವ್ಯಾನಿನಲ್ಲೇ ಮಲಗಿ, ಅಡುಗೆ ಮಾಡಿಕೊಂಡು ಊರೂರು ಸುತ್ತುವ ಕುಟುಂಬಗಳೂ ಇವೆ. ಅಂಥ ಗಾಡಿಯೊಳಗೆ ನೆಟ್ಟಗೆ ನಿಲ್ಲಲಾಗದು. ಗುಡಿಸುವುದು, ಹಾಸುವುದು, ಮಗುವಿನ ಬಟ್ಟೆ ಬದಲಿಸುವುದು, ಎಲ್ಲವೂ ಮಂಡಿಯ ಮೇಲೆಯೇ.

ಮೊದಲು ಎಚ್ಚರಿಕೆಯ ಮಾತು. ಓಡುವ ಗಾಡಿಯಲ್ಲಿ ಮಂಡಿಯೂರುವುದು ಬೇಡ. ಒಂದು ಬ್ರೇಕ್ ಸಾಕು, ತಲೆ ಒಡೆಯಲು. ಹೈವೇ ಅಂಚಿನಲ್ಲಿ ನಿಲ್ಲಿಸುವುದೂ ಅಪಾಯ. ಶಿರಾ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಗಳ ವೇಗ ನಿಮಗೆ ಗೊತ್ತೇ ಇದೆ. ಪೆಟ್ರೋಲ್ ಬಂಕ್, ಮಸೀದಿ, ಊರೊಳಗಿನ ಬಯಲು ನೋಡಿ ನಿಲ್ಲಿಸಿ. ಸಾಧ್ಯವಾದಷ್ಟೂ ಕೆಳಗಿಳಿದೇ ನಮಾಝ್ ಮಾಡಿ. ಗಾಡಿಯೊಳಗಿನ ಜಾಗ ಮಳೆಗೆ, ಕೆಸರಿಗೆ, ಇಳಿಯಲಾಗದ ಹಿರಿಯರಿಗೆ. ಜಾಗ ಮಾಡಲೆಂದು ಸೀಟು ಕಿತ್ತುಹಾಕಬೇಡಿ. ಆರ್‌ಟಿಒ ಅನುಮತಿ ಇಲ್ಲದೆ ಗಾಡಿಯನ್ನು ಹಾಗೆ ಬದಲಿಸುವುದು ಕಾನೂನಿಗೆ ವಿರುದ್ಧ.

ಬಾಡಿಗೆ ಗಾಡಿಯಾದರೆ ಕೆಲಸ ಸುಲಭ. ಮನೆಯಿಂದ ಒಂದು ಕಂಬಳಿ, ಎರಡು ಫೋಮ್ ಹಲಗೆ ಜೊತೆಗಿರಲಿ. ಹಾಸುವ ಮೊದಲು ಅಂಗೈಯಿಂದ ನೆಲವನ್ನು ಪೂರ್ತಿ ಸವರಿ ನೋಡಿ. ಬೋಲ್ಟು, ತಗಡಿನ ಅಂಚು, ಗಾಜಿನ ಚೂರು ಸಿಕ್ಕರೆ ಜಾಗ ಬದಲಿಸಿ. ಅಷ್ಟು ಮಾಡಿದ್ದರೆ ನಮ್ಮ ಅಮ್ಮಿಗೆ ಒಂದು ತಿಂಗಳ ನೋವು ತಪ್ಪುತ್ತಿತ್ತು.

ಸ್ವಂತ ವ್ಯಾನಾದರೆ ಮೂರು ಪದರದಲ್ಲಿ ಯೋಚಿಸಿ. ಕೆಳಗೆ 12 ಮಿಲಿಮೀಟರ್‌ನ ವಾಟರ್‌ಪ್ರೂಫ್ ಪ್ಲೈವುಡ್. ತಗಡಿನ ಏರುತಗ್ಗುಗಳ ಮೇಲೆ ಅದು ಸೇತುವೆಯಂತೆ ಕೂತು ಸಮತಟ್ಟು ಮಾಡುತ್ತದೆ. ಈ ಪದರ ಬಿಟ್ಟು ನೇರ ಫೋಮ್ ಹಾಕಿದರೆ ತಗಡಿನ ಏಣುಗಳು ಅದನ್ನೂ ದಾಟಿ ಮಂಡಿಗೆ ಒತ್ತುತ್ತವೆ. ಅದರ ಮೇಲೆ 10 ಮಿಲಿಮೀಟರ್‌ನ ಇವಿಎ ಫೋಮ್. ಮೇಲೆ ಒಗೆಯಲು ಬರುವ ಜಮಖಾನ, ಅಥವಾ ಒರೆಸಲು ಬರುವ ವಿನೈಲ್ ಶೀಟು. ಎಲ್ಲ ಸೇರಿ ಒಂದು ಇಂಚಿನ ಆಸುಪಾಸು. ಮೊದಲೇ ತಗ್ಗಾದ ಚಾವಣಿಯಿಂದ ಅದಕ್ಕಿಂತ ಹೆಚ್ಚು ಕಳೆದುಕೊಳ್ಳುವುದು ಬೇಡ. ಪ್ಲೈವುಡ್‌ನ ಮೂಲೆಗಳನ್ನು ದುಂಡಗೆ ಉಜ್ಜಿಸಿ, ಅಲುಗಾಡದಂತೆ ಬಿಗಿ ಮಾಡಿಸಿ. ಅಪಘಾತವಾದರೆ ಸಡಿಲ ಹಲಗೆಯೇ ಕತ್ತಿಯಾಗುತ್ತದೆ. ಆದರೆ ಎತ್ತಲು ಬರುವಂತಿರಲಿ. ತಗಡಿಗೂ ಹಲಗೆಗೂ ನಡುವೆ ತೇವ ನಿಂತು ತುಕ್ಕು ಹಿಡಿಯುತ್ತದೆ, ಗಾಡಿಯ ನೆಲದಲ್ಲಿರುವ ನೀರು ಹೋಗುವ ತೂತುಗಳನ್ನೂ ಮುಚ್ಚಬಾರದು. ತಿಂಗಳಿಗೊಮ್ಮೆ ಎತ್ತಿ ಬಿಸಿಲಿಗೆ ಒಣಗಿಸಿ. ಬೇಸಿಗೆಯಲ್ಲಿ ಕೈ ಇಟ್ಟು ನೋಡದೆ ಮಂಡಿ ಊರಬೇಡಿ. ಪಾವಗಡದ ಬಿಸಿಲಲ್ಲಿ ನಿಂತ ಗಾಡಿಯ ತಗಡು ಚರ್ಮ ಸುಡುವಷ್ಟು ಕಾಯುತ್ತದೆ.

ಮನೆಯ ಮೂಲೆ, ಮಸೀದಿಯ ಸಾಲು

ಗಾಡಿಗೆ ಹೇಳಿದ್ದೇ ಮನೆಗೂ. ಹೊಸ ಮನೆ ಕಟ್ಟುವಾಗ ಲಕ್ಷಗಟ್ಟಲೆ ಕೊಟ್ಟು ಹೊಳೆಯುವ ಟೈಲ್ಸ್ ಹಾಕಿಸುತ್ತೇವೆ. ಅದೇ ಮನೆಯಲ್ಲಿ ಅಮ್ಮಿ, ಖಾಲಾ ನಮಾಝ್ ಮಾಡುವುದು ಬೀರುವಿಗೂ ಮಂಚಕ್ಕೂ ನಡುವಿನ ಸಂದಿಯಲ್ಲಿ, ಕಾಗದದಷ್ಟು ತೆಳ್ಳಗಿನ ಜಾನಮಾಝ್ ಮೇಲೆ. ಗಂಡಸರಿಗೆ ಮಸೀದಿಯ ಕಾರ್ಪೆಟ್ ಇದೆ. ಮನೆಯ ಹೆಂಗಸರಿಗೆ ಐದು ಹೊತ್ತೂ ಇದೇ ನೆಲ. ಆದ್ದರಿಂದ ಮೊದಲ ಒಳ್ಳೆಯ ಹಾಸು ಮನೆಗೆ ಬರಲಿ ಎಂಬುದು ನನ್ನ ಆಗ್ರಹ. ಟೈಲ್ಸ್ ಮೇಲೆ ಜಾನಮಾಝ್ ಜಾರುತ್ತದೆ, ಅದಕ್ಕೆ ಕೆಳಗೆ ರಬ್ಬರ್ ಜಾಲರಿ ಹಾಸಿ. ಪಕ್ಕದಲ್ಲಿ ಅಲುಗದ ಸ್ಟೂಲೋ ಮಂಚದ ಅಂಚೋ ಇದ್ದರೆ ಹಿರಿಯರಿಗೆ ಏಳಲು ಕೈಗೆ ಆಸರೆ.

ಮಸೀದಿ ಕಮಿಟಿಯವರಿಗೂ ಒಂದು ಮಾತು. ಕಾರ್ಪೆಟ್ ಕೊಳ್ಳುವಾಗ ಬಣ್ಣ, ಮಿಹ್ರಾಬಿನ ಡಿಸೈನ್ ನೋಡುತ್ತೀರಿ. ದಯವಿಟ್ಟು ಸ್ಯಾಂಪಲ್ ತುಂಡಿನ ಮೇಲೆ ಊರಿನ ಮೂವರು ಹಿರಿಯರನ್ನು ಕರೆದು ಮಂಡಿ ಊರಿಸಿ ನೋಡಿ. ಝೂಮರ್ ತೂಗುಹಾಕುವ ದುಡ್ಡಿನಲ್ಲಿ ಕಾರ್ಪೆಟ್ಟಿನ ಕೆಳಗೆ ಗಟ್ಟಿ ಪದರ ಹಾಕಿಸಬಹುದು. ಝೂಮರ್ ನೋಡಲು ತಲೆ ಎತ್ತಬೇಕು. ನಾವು ಮಸೀದಿಗೆ ಬರುವುದು ತಲೆ ಬಾಗಿಸಲು.

ಒದ್ದೆ ಹಾಸು ಕಾಯಿಲೆಯ ಹಾಸು

ಇದು ಸ್ವಚ್ಛತೆಯ ಪುಟವೂ ಹೌದು, ಅದಕ್ಕಾಗಿ ಹೇಳುತ್ತೇನೆ. ವುಝೂ ಮಾಡಿ ನೀರು ಸುರಿಯುವ ಕಾಲಿನಲ್ಲೇ ಹಾಸಿನ ಮೇಲೆ ನಿಂತರೆ ತೇವ ಒಳಗೆ ಇಳಿಯುತ್ತದೆ. ವಾಸನೆ ಬರುತ್ತದೆ, ಬೂಷ್ಟು ಹಿಡಿಯುತ್ತದೆ, ಧೂಳಿನ ಹುಳ ಬೆಳೆಯುತ್ತದೆ. ಅಸ್ತಮಾ ಇರುವವರು ಮೂಗನ್ನೂ ಅಲ್ಲಿಯೇ ಇಡಬೇಕು ಎಂಬುದನ್ನು ನೆನಪಿಡಿ. ಹುಳುಕಡ್ಡಿ, ಕಾಲ್ಬೆರಳ ಸಂದಿನ ಕೊಳೆತ ಒಬ್ಬರಿಂದ ಒಬ್ಬರಿಗೆ ದಾಟುವುದೂ ಇಂಥ ಹಾಸಿನಿಂದಲೇ. ವುಝೂ ಆದ ಮೇಲೆ ಬೆರಳ ಸಂದಿಗಳನ್ನು ಒರೆಸಿ. ಬಾಗಿಲಲ್ಲಿ ದಪ್ಪ ತೆಂಗಿನ ನಾರಿನ ಮ್ಯಾಟೋ ಟವೆಲೋ ಇರಲಿ. ಮೇಲಿನ ಬಟ್ಟೆಯನ್ನು ವಾರಕ್ಕೊಮ್ಮೆ ಒಗೆಯಿರಿ. ಕಂಬಳಿ, ಬೊಂತೆಯನ್ನು ಕೊಡವಿ ಬಿಸಿಲಿಗೆ ಹಾಕಿ. ಬಿಸಿಲಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಒಳಗೆ ನೀರು ಕುಡಿದ ಸ್ಪಂಜು ಮೇಲೆ ಒಣಗಿದಂತೆ ಕಂಡರೂ ಒಳಗೆ ಒಣಗಿರುವುದಿಲ್ಲ, ಅದನ್ನು ಎಸೆದುಬಿಡಿ.

ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಇನ್ನೊಂದು ಅಭ್ಯಾಸ ಬೇಕು. ಇಶಾ ನಂತರ ಮಂಡಿ, ಕಾಲಿನ ಗಿಣ್ಣು, ಹೆಬ್ಬೆರಳನ್ನು ಬೆಳಕಿನಲ್ಲಿ ನೋಡಿ. ಬಹಳ ವರ್ಷ ಕೂತು ಕೂತು ಗಿಣ್ಣಿನ ಹೊರಬದಿಯಲ್ಲಿ ಕಪ್ಪಗೆ ಒರಟಾಗುವುದು ಸಹಜ, ಗಾಬರಿ ಬೇಡ. ಅದನ್ನು ಬ್ಲೇಡಿನಿಂದ ಕೆರೆಯಬೇಡಿ, ಎಣ್ಣೆ ಹಚ್ಚಿ. ಬಿರುಕು, ಗುಳ್ಳೆ, ರಸಿಕೆ ಕಂಡರೆ ಮಾರನೆಯ ದಿನವೇ ವೈದ್ಯರಿಗೆ ತೋರಿಸಿ. ಮಂಡಿ ಮುಂದೆ ಊತ, ಕೆಂಪು, ಬಿಸಿ, ಜೊತೆಗೆ ಜ್ವರ ಬಂದರೆ ಒಂದು ದಿನವೂ ಕಾಯಬೇಡಿ. ಬಿಸಿ ಉಪ್ಪಿನ ಶಾಖ, ಉಜ್ಜುವುದು, ಸೂಜಿಯಿಂದ ನೀರು ತೆಗೆಯುವುದು ಯಾವುದೂ ಬೇಡ.

ನಮ್ಮ ಸೀಮೆಯ ಇನ್ನೊಂದು ಶತ್ರು

ಪಾವಗಡ, ಶಿರಾ, ಮಧುಗಿರಿ ಕಡೆಯವರಿಗೆ ಇದನ್ನು ಹೇಳದೆ ಮುಗಿಸಲಾರೆ. ಇಲ್ಲಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಂಗತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಮ್ ಒಳಗಿದ್ದರೆ ಒಳ್ಳೆಯದು, 1.5 ದಾಟಲೇಬಾರದು. ವರ್ಷಗಟ್ಟಲೆ ಹೆಚ್ಚು ಫ್ಲೋರೈಡ್ ಕುಡಿದರೆ ಮಕ್ಕಳ ಹಲ್ಲು ಹಳದಿ, ಕಂದು ಪಟ್ಟೆಯಾಗುತ್ತದೆ, ದೊಡ್ಡವರ ಬೆನ್ನು, ಕುತ್ತಿಗೆ, ಮಂಡಿ ಬಿಗಿಯಾಗುತ್ತವೆ. ರುಕೂಗೆ ಬಾಗಲು ಬೆನ್ನು ಒಪ್ಪದು, ಸಜ್ದಾಗೆ ಮಂಡಿ ಮಡಚದು. ಇದನ್ನು "ವಯಸ್ಸಾಯ್ತು" ಎಂದು ತಳ್ಳಿಹಾಕಬೇಡಿ. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಇಂಥ ಬಿಗಿತ ಇದ್ದರೆ, ಮಕ್ಕಳ ಹಲ್ಲಿನಲ್ಲಿ ಪಟ್ಟೆ ಇದ್ದರೆ, ನೀರನ್ನು ಪರೀಕ್ಷೆ ಮಾಡಿಸಿ, ಪಂಚಾಯಿತಿಯಲ್ಲಿ ಕೇಳಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸಾಂದ್ರವಾಗುತ್ತದೆ. ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ನೀರೋ ಹಿಡಿದಿಟ್ಟ ಮಳೆನೀರೋ ಬಳಸಿ. ಈ ಬಿಗಿತ ಒಮ್ಮೆ ಬಂದರೆ ಹಿಂದಕ್ಕೆ ಹೋಗುವುದು ಕಷ್ಟ, ಬಾರದಂತೆ ತಡೆಯುವುದು ನಮ್ಮ ಕೈಯಲ್ಲಿದೆ.

ಕುರ್ಚಿಯಲ್ಲಿ ಕೂತವರನ್ನು ನೋಡುವ ಕಣ್ಣು

ಎಷ್ಟು ಒಳ್ಳೆಯ ಹಾಸು ಹಾಕಿದರೂ ಕೆಲವರಿಗೆ ಮಂಡಿ ಊರಲಾಗದು. ಮಂಡಿ ಬದಲಿಸುವ ಆಪರೇಷನ್ ಆದವರು ವೈದ್ಯರ ಮಾತು ಕೇಳಿಯೇ ಮುಂದುವರಿಯಬೇಕು. ಮೂಲವ್ಯಾಧಿಯಿಂದ ಬಳಲುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ) ಅವರಿಗೆ ಪ್ರವಾದಿಯವರು(ಸ) ನಿಂತು ನಮಾಝ್ ಮಾಡಲು, ಆಗದಿದ್ದರೆ ಕೂತು, ಅದೂ ಆಗದಿದ್ದರೆ ಮಗ್ಗುಲಾಗಿ ಮಾಡಲು ಹೇಳಿದರು. ಯಾರು ಯಾವಾಗ ಕುರ್ಚಿ ಬಳಸಬಹುದು ಎಂಬುದನ್ನು ನಿಮ್ಮ ಇಮಾಮರನ್ನು ಕೇಳಿ. ಆದರೆ ಕುರ್ಚಿ ಹಾಕಿಕೊಂಡವರನ್ನು "ಮಾರ್ಕೆಟ್ಟಿಗೆ ನಡೆಯೋಕೆ ಆಗುತ್ತೆ, ಸಜ್ದಾಗೆ ಆಗಲ್ವಾ?" ಎಂದು ಚುಚ್ಚಬೇಡಿ. ನಡೆಯಲು ಮಂಡಿ ಸ್ವಲ್ಪ ಮಡಚಿದರೆ ಸಾಕು, ಕೂರಲು ಪೂರ್ತಿ ಮಡಚಬೇಕು. ನಡೆಯಬಲ್ಲವರು ಮಂಡಿ ಊರಲಾರದೆ ಇರುವುದು ನೆಪವಲ್ಲ, ಕಾಯಿಲೆಯ ಸ್ವಭಾವ.

ಇನ್ನೊಂದು ಕಡೆಯಿಂದಲೂ ಹೇಳಬೇಕು. ಬರಿ ನೆಲ ಚುಚ್ಚುತ್ತದೆ ಎಂಬ ಒಂದೇ ಕಾರಣಕ್ಕೆ ಕುರ್ಚಿ ಹಿಡಿದವರೂ ನಮ್ಮಲ್ಲಿದ್ದಾರೆ. ಅವರಿಗೆ ಒಳ್ಳೆಯದೊಂದು ಹಾಸು ಕೊಟ್ಟರೆ ಮತ್ತೆ ಹಣೆ ನೆಲ ಮುಟ್ಟಬಹುದು. ಒಂದು ಮಡಿಸಿದ ಕಂಬಳಿಯಿಂದ ಅಷ್ಟಾಗುವುದಾದರೆ ಅದಕ್ಕಿಂತ ದೊಡ್ಡ ಉಡುಗೊರೆ ಯಾವುದಿದೆ?

ಅಮ್ಮಿ ಈಗ ಕಂಬಳಿಯ ಮೇಲೆ, ಹಿಮ್ಮಡಿಗೆ ದಿಂಬು ಇಟ್ಟುಕೊಂಡು ನಮಾಝ್ ಮಾಡುತ್ತಾರೆ. ಊರಿಗೆ ಹೊರಟರೆ ಬಟ್ಟೆಯ ಚೀಲದ ಮೊದಲು ಆ ಕಂಬಳಿಯೇ ಗಾಡಿ ಹತ್ತುತ್ತದೆ. ಇವತ್ತು ನಿಮ್ಮ ಮನೆಯಲ್ಲಿ ಹಿರಿಯರು ನಮಾಝ್ ಮುಗಿಸಿ ಎದ್ದ ಮೇಲೆ, ಅವರು ಮಂಡಿ ಊರಿದ್ದ ಜಾಗದಲ್ಲಿ ನಿಮ್ಮ ಅಂಗೈಯನ್ನು ಒತ್ತಿ ನೋಡಿ. ನಿಮ್ಮ ಕೈಗೆ ನೋವಾದರೆ, ಅವರು ಹೇಳಿಕೊಳ್ಳದೆ ಬಿಟ್ಟದ್ದು ನಿಮಗೆ ತಿಳಿಯುತ್ತದೆ.